ಹೊಸ ಉಪಕೇಂದ್ರ ಬಂದ ಮೇಲೆ ಕರೆಂಟು ಹೇಗಿದೆ? ಕಾಪು ಕಡೆಯ ವಿದ್ಯುತ್ ಪೂರೈಕೆಯ ಒಂದು ವಿಮರ್ಶೆ

ವಿದ್ಯುತ್ ಪೂರೈಕೆಯೂ ನಾವು ಹಣ ಕೊಟ್ಟು ಪಡೆಯುವ ಸೇವೆಯೇ ಆದರೂ ಅದನ್ನು ಕೂತು ವಿಮರ್ಶಿಸುವವರು ಕಡಿಮೆ. ಹೋದಾಗ ಬೈಯುತ್ತೇವೆ, ಬಂದಾಗ ಮರೆಯುತ್ತೇವೆ. ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಒಳಭಾಗದಲ್ಲಿರುವ ನಮ್ಮ ಊರಿಗೆ ಹೊಸದಾಗಿ 33/11 ಕೆ.ವಿ. (33 ಕಿಲೋವೋಲ್ಟನ್ನು 11ಕ್ಕೆ ಇಳಿಸುವ) ಉಪಕೇಂದ್ರವಾಗಿ, ಅದರಿಂದ ಹೊರಡುವ 11 ಕೆ.ವಿ. ಮಾರ್ಗಗಳ ತಂತಿ ಮತ್ತು ತಂತಿಯ ವಿದ್ಯುತ್ತು ಕಂಬಕ್ಕೆ ಹರಿಯದಂತೆ ತಡೆಯುವ ಇನ್ಸುಲೇಟರುಗಳು ಬದಲಾಗಿ, ಆ ವ್ಯವಸ್ಥೆ ಈಗ ಒಂದು ಪೂರ್ತಿ ಬೇಸಿಗೆಯನ್ನೂ ಒಂದು ಪೂರ್ತಿ ಮಳೆಗಾಲವನ್ನೂ ಕಂಡಿದೆ. ಕರಾವಳಿಯಲ್ಲಿ ಈ ಎರಡೂ ಕಾಲಗಳ ಪರೀಕ್ಷೆ ಆಗದೆ ಯಾವ ತಂತಿಗೂ ಅಂಕ ಕೊಡುವಂತಿಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ವೋಲ್ಟೇಜಿನ ಮಟ್ಟಿಗೆ ಕೆಲಸ ನಿಜವಾಗಿಯೂ ಚೆನ್ನಾಗಿ ಆಗಿದೆ, ದೀರ್ಘ ಹೊತ್ತಿನ ಕತ್ತಲೆ ಕಡಿಮೆಯಾಗಿದೆ, ಆದರೆ ಉಪಕೇಂದ್ರಕ್ಕೆ ಬರುವ ದಾರಿ ಒಂದೇ ಆಗಿರುವುದರಿಂದ ಸಿಗಬೇಕಾಗಿದ್ದ ಪೂರ್ಣ ಪ್ರಯೋಜನ ಇನ್ನೂ ಸಿಕ್ಕಿಲ್ಲ, ಗ್ರಾಹಕರಿಗೆ ಮಾಹಿತಿ ಕೊಡುವ ವಿಷಯದಲ್ಲಿ ಏನೂ ಬದಲಾಗಿಲ್ಲ.

ವಿವರಗಳಿಗೆ ಹೋಗುವ ಮೊದಲು ನಮ್ಮ ಕಡೆಯ ಒಂದು ಹಳೆಯ ದೂರನ್ನು ಇತ್ಯರ್ಥ ಮಾಡಬೇಕಾಗಿದೆ. ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಚಿಮಣಿ ಸುತ್ತಲಿನ ಊರುಗಳ ಎತ್ತರದ ಜಾಗಗಳಿಂದ ದೂರಕ್ಕೇ ಕಾಣುತ್ತದೆ. ತಲಾ 600 ಮೆಗಾವ್ಯಾಟಿನ ಎರಡು ಘಟಕಗಳು, ಒಟ್ಟು 1,200 ಮೆಗಾವ್ಯಾಟ್. ಮೊದಲನೆಯದು 2010ರಲ್ಲಿ, ಎರಡನೆಯದು 2012ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನವಮಂಗಳೂರು ಬಂದರಿಗೆ ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲು ಅಲ್ಲಿಂದ ರೈಲಿನಲ್ಲಿ ಸ್ಥಾವರಕ್ಕೆ ಬರುತ್ತದೆ. ಇಷ್ಟು ದೊಡ್ಡ ಕಾರ್ಖಾನೆಯನ್ನು ಹಿತ್ತಿಲಲ್ಲಿ ಇಟ್ಟುಕೊಂಡೂ ಜೂನ್ ತಿಂಗಳ ಮೊದಲ ಗಾಳಿಗೇ ಕತ್ತಲಲ್ಲಿ ಕೂರುವವರು "ಹೊಗೆ ನಮಗೆ, ಕರೆಂಟು ಬೇರೆಯವರಿಗೆ ಮಾರಾಯ್ರೆ" ಎಂದು ಹೇಳುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಈ ಮಾತಿನಲ್ಲಿ ಸಿಟ್ಟು ಸರಿ, ಲೆಕ್ಕ ಸರಿಯಲ್ಲ.

ಅಷ್ಟು ವಿದ್ಯುತ್ತು ನೇರವಾಗಿ ಹಳ್ಳಿಯ ಕಂಬಕ್ಕೆ ಇಳಿಯುವಂತಿಲ್ಲ. 1,200 ಮೆಗಾವ್ಯಾಟನ್ನು 400 ಕೆ.ವಿ.ಯಲ್ಲಿ ಸಾಗಿಸಿದರೆ ಹರಿಯುವ ಪ್ರವಾಹ ಸುಮಾರು 1,730 ಆಂಪಿಯರ್. ಅದನ್ನೇ 11 ಕೆ.ವಿ.ಯಲ್ಲಿ ಸಾಗಿಸಲು ಹೊರಟರೆ ಸುಮಾರು 63,000 ಆಂಪಿಯರ್ ಬೇಕಾಗುತ್ತದೆ, ಅದನ್ನು ಹೊರುವ ತಂತಿಯನ್ನು ಯಾವ ಕಂಬವೂ ತಡೆಯದು. ಹಾಗಾಗಿ ಎಲ್ಲೂರಿನಿಂದ ಹೊರಟ ವಿದ್ಯುತ್ತಿನ ದೊಡ್ಡ ಪಾಲು 400 ಕೆ.ವಿ. ಜೋಡಿ ಮಾರ್ಗದಲ್ಲಿ ಘಟ್ಟ ಹತ್ತಿ ಹಾಸನದ ಕಡೆಗೆ ಹೋಗುತ್ತದೆ. ಇನ್ನೊಂದು ಪಾಲು 220 ಕೆ.ವಿ.ಯಲ್ಲಿ ಕಾರ್ಕಳದ ಬಳಿಯ ಕೇಮಾರು ಕೇಂದ್ರಕ್ಕೆ ಬರುತ್ತದೆ. ಅಲ್ಲಿ 110 ಕೆ.ವಿ.ಗೆ ಇಳಿದು, 110 ಕೆ.ವಿ. ಉಪಕೇಂದ್ರಗಳಲ್ಲಿ 33 ಅಥವಾ 11 ಕೆ.ವಿ.ಗೆ ಇಳಿದು, ಊರಿನ ಟಿ.ಸಿ.ಯಲ್ಲಿ (ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ) ಕಡೆಯದಾಗಿ 415 ಮತ್ತು 230 ವೋಲ್ಟಿಗೆ ಇಳಿದ ಮೇಲೆಯೇ ನಮ್ಮ ಫ್ಯಾನು ತಿರುಗುತ್ತದೆ. ಹಳೆ ಮೈಸೂರಿನ ಕಡೆ 66 ಕೆ.ವಿ. ಉಪಕೇಂದ್ರಗಳು ಮಾಡುವ ಕೆಲಸವನ್ನು ನಮ್ಮ ಕರಾವಳಿಯಲ್ಲಿ 110 ಕೆ.ವಿ. ಕೇಂದ್ರಗಳು ಮಾಡುತ್ತವೆ. ಈ ಮೆಟ್ಟಿಲುಗಳಲ್ಲಿ ಯಾವುದೊಂದು ಕೈಕೊಟ್ಟರೂ, ಎಲ್ಲೂರು ಪೂರ್ತಿ ಸಾಮರ್ಥ್ಯದಲ್ಲಿ ಉರಿಯುತ್ತಿದ್ದರೂ, ನಮಗೆ ಕತ್ತಲೆ. ಇದಕ್ಕೆ ತದ್ವಿರುದ್ಧವಾಗಿ, ಆ ಸ್ಥಾವರದ ಎರಡೂ ಘಟಕಗಳು ನಿಂತಿರುವ ದಿನವೂ ಜಾಲದ ಬೇರೆ ಮೂಲಗಳಿಂದ, ಉದಾಹರಣೆಗೆ ಹೊಸಂಗಡಿಯ 460 ಮೆಗಾವ್ಯಾಟಿನ ವಾರಾಹಿ ಭೂಗರ್ಭ ವಿದ್ಯುದಾಗಾರದಿಂದ, ನಮ್ಮ ಮನೆಯ ದೀಪ ಉರಿಯಬಹುದು. ನಮ್ಮ ಕಡೆಯ ಹೆಚ್ಚಿನ ಕತ್ತಲೆಗೆ ಕಾರಣ ಉತ್ಪಾದನೆಯ ಕೊರತೆಯಲ್ಲ, ದಾರಿಯ ದೌರ್ಬಲ್ಯ. ಆದ್ದರಿಂದ ಈ ವಿಮರ್ಶೆ ದಾರಿಯ ಕುರಿತಾದದ್ದು.

ಮೊದಲಿನ ಸ್ಥಿತಿ ಹೀಗಿತ್ತು. ದೂರದ 110 ಕೆ.ವಿ. ಉಪಕೇಂದ್ರವೊಂದರಿಂದ ಹೊರಟ ಒಂದೇ 11 ಕೆ.ವಿ. ಫೀಡರು, ಅಂದರೆ ಊರುಗಳಿಗೆ ವಿದ್ಯುತ್ ಹಂಚುವ ಮಾರ್ಗ, ಹಲವು ಊರುಗಳ ತೆಂಗಿನ ತೋಟ, ಹಾಡಿ, ಗದ್ದೆ ದಾಟಿ ನಮ್ಮಲ್ಲಿಗೆ ಬಂದು ತಲುಪುತ್ತಿತ್ತು. ನಾವು ಅದರ ಬಾಲದ ತುದಿಯಲ್ಲಿದ್ದೆವು. ಫೆಬ್ರವರಿ ಕಳೆದು ಅಡಿಕೆ ತೋಟಗಳಿಗೆ ನೀರು ಬಿಡುವ ಕಾಲ ಬಂತೆಂದರೆ, ಎಲ್ಲ ಪಂಪುಗಳೂ ಒಟ್ಟಿಗೆ ಓಡಿದಾಗ ಸಂಜೆಯ ವೋಲ್ಟೇಜು 170ರ ಆಸುಪಾಸಿಗೆ ಕುಸಿಯುತ್ತಿತ್ತು. ನಿಯಮದ ಪ್ರಕಾರ 230 ವೋಲ್ಟಿಗಿಂತ ಶೇ. 6ರಷ್ಟು ಮೇಲೆ ಕೆಳಗೆ ಹೋಗಬಹುದು, ಅಂದರೆ 216ರಿಂದ 244ರ ಒಳಗಿರಬೇಕು. 170 ಎಂದರೆ ದೀಪ ಮಂಕಾಗುವ ಮಾತಷ್ಟೇ ಅಲ್ಲ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜು ಮುಕ್ಕಾಲಿಗೆ ಇಳಿದಾಗ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಅದೇ ನೀರನ್ನು ಎತ್ತಲು ಹೆಣಗುವ ಮೋಟಾರು ಹೆಚ್ಚು ಪ್ರವಾಹ ಎಳೆದುಕೊಂಡು ಬಿಸಿಯಾಗಿ, ಕೊನೆಗೆ ಕಾಯಿಲು ಸುಟ್ಟುಕೊಂಡು ವೈಂಡಿಂಗಿನ ಅಂಗಡಿಗೆ ಹೋಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆಯ ವೈಂಡಿಂಗ್ ಅಂಗಡಿಗಳ ಮುಂದೆ ಸಾಲಾಗಿ ಇಟ್ಟಿರುತ್ತಿದ್ದ ಪಂಪುಗಳು ವೋಲ್ಟೇಜಿನ ಕುರಿತಾದ ಯಾವ ವರದಿಗಿಂತಲೂ ಸ್ಪಷ್ಟವಾಗಿದ್ದವು.

ಹೊಸ ಉಪಕೇಂದ್ರ ಈ ರೋಗಕ್ಕೆ ಸರಿಯಾದ ಮದ್ದು. ವಿದ್ಯುತ್ತು ಈಗ ನಮ್ಮ ಊರಿನ ಹತ್ತಿರದವರೆಗೆ 33 ಕೆ.ವಿ.ಯಲ್ಲಿ ಬಂದು, ಇಲ್ಲಿ 11ಕ್ಕೆ ಇಳಿಯುತ್ತದೆ. ವೋಲ್ಟೇಜು ಮೂರು ಪಟ್ಟಾದಾಗ ಅದೇ ಹೊರೆಗೆ (ಲೋಡಿಗೆ) ಪ್ರವಾಹ ಮೂರನೆಯ ಒಂದು ಭಾಗವಾಗುತ್ತದೆ. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ವಿದ್ಯುತ್ತು ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ, ತಂತಿ ಅದೇ ಆದರೂ ಪೋಲು ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಜೊತೆಗೆ 11 ಕೆ.ವಿ. ಫೀಡರುಗಳು ಗಿಡ್ಡವಾದವು, ಒಂದು ಉದ್ದನೆಯ ಫೀಡರು ಹೊರುತ್ತಿದ್ದ ಊರುಗಳು ಈಗ ಬೇರೆ ಬೇರೆ ಫೀಡರುಗಳಿಗೆ ಹಂಚಿಹೋಗಿವೆ. ಒಂದು ಊರಿನ ತೋಟದಲ್ಲಿ ತೆಂಗಿನ ಮಡಲು ಬಿದ್ದರೆ ಇನ್ನೊಂದು ಊರು ಕತ್ತಲಾಗುವ ಅನ್ಯಾಯ ತಪ್ಪಿದ್ದು ಇದರಿಂದ. ಪರಿವರ್ತಕಗಳಲ್ಲಿ ಪೂರೈಕೆ ನಿಲ್ಲಿಸದೆಯೇ ಟ್ಯಾಪು ಬದಲಿಸುವ, ಅಂದರೆ ಸುರುಳಿಯ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡುವ ಸಾಧನವಿರುವುದರಿಂದ, ಬರುವ ವೋಲ್ಟೇಜು ಸ್ವಲ್ಪ ಏರಿಳಿದರೂ ಹೋಗುವ ವೋಲ್ಟೇಜು ಸ್ಥಿರವಾಗಿರುತ್ತದೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಮೀಟರಿನಲ್ಲಿ ಸಂಜೆಯ ವೋಲ್ಟೇಜು 220ಕ್ಕಿಂತ ಕೆಳಗೆ ಇಳಿದದ್ದು ಅಪರೂಪ. ಈ ವಿಭಾಗದಲ್ಲಿ ನಾನು ಅಂಕ ಕಳೆಯುವ ಕಾರಣವೇ ಕಾಣುತ್ತಿಲ್ಲ.

ಉಪಕೇಂದ್ರದ ಒಳಗೆ ಹೋಗಲು ಗ್ರಾಹಕರಿಗೆ ಅನುಮತಿ ಇಲ್ಲ, ಇರಲೂಬಾರದು. ಆದರೆ ರಸ್ತೆಯ ಬದಿಯ ಬೇಲಿಯಿಂದಲೇ ನೋಡುವವನಿಗೆ ಬೇಕಾದಷ್ಟು ತಿಳಿಯುತ್ತದೆ. ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಅರೆಸ್ಟರುಗಳು, ದುರಸ್ತಿಯ ವೇಳೆ ಮಾರ್ಗ ಕಡಿದಿದೆ ಎಂದು ಕಣ್ಣಿಗೇ ಕಾಣುವಂತೆ ತೆರೆದುಕೊಳ್ಳುವ ಐಸೋಲೇಟರುಗಳು, ದೋಷ ಕಂಡ ಕೂಡಲೇ ಕಡಿಯುವ ಬ್ರೇಕರುಗಳು, ನಂತರ ತಲಾ 5 ಎಂ.ವಿ.ಎ. (ಮೆಗಾವೋಲ್ಟ್ ಆಂಪಿಯರ್) ಸಾಮರ್ಥ್ಯದ ಎರಡು ಪರಿವರ್ತಕಗಳು. ಪರಿವರ್ತಕದ ಪಕ್ಕದಲ್ಲಿ ತೂಗುವ ಸಣ್ಣ ಗಾಜಿನ ಡಬ್ಬಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅದನ್ನು ಬ್ರೀದರ್ ಎನ್ನುತ್ತಾರೆ. ಹೊರೆ ಏರಿಳಿದಂತೆ ಒಳಗಿನ ಎಣ್ಣೆ ಹಿಗ್ಗಿ ಕುಗ್ಗಿ ಗಾಳಿಯನ್ನು ಎಳೆದುಕೊಳ್ಳುವಾಗ, ಆ ಗಾಳಿಯ ತೇವವನ್ನು ಹೀರಲು ಅದರೊಳಗೆ ಸಿಲಿಕಾ ಜೆಲ್ ಇಡುತ್ತಾರೆ. ಒಣಗಿದ್ದಾಗ ನೀಲಿ, ತೇವ ತುಂಬಿದಾಗ ಗುಲಾಬಿ. ನಮ್ಮ ಕರಾವಳಿಯ ಗಾಳಿಯಲ್ಲಿ ಅದು ಬೇಗನೆ ಬಣ್ಣ ಬದಲಿಸುತ್ತದೆ. ಬದಲಿಸಿದ್ದನ್ನು ಯಾರೂ ಗಮನಿಸದೆ ಹೋದರೆ ತೇವ ಎಣ್ಣೆಗೆ ಸೇರಿ, ಎಣ್ಣೆಯ ನಿರೋಧಕ ಶಕ್ತಿ ಕುಗ್ಗಿ, ಬಹು ವರ್ಷ ಬಾಳಬೇಕಾದ ಯಂತ್ರ ನಡುವೆಯೇ ಸುಟ್ಟುಹೋಗಬಹುದು. ಯಾವುದೇ ಉಪಕೇಂದ್ರದ ನಿರ್ವಹಣೆ ಹೇಗಿದೆ ಎಂದು ತಿಳಿಯಲು ಉದ್ಘಾಟನೆಯ ಕಲ್ಲನ್ನು ಓದುವ ಬದಲು ಆ ಡಬ್ಬಿಯ ಬಣ್ಣವನ್ನು ನೋಡುವುದು ಮೇಲು. ನಮ್ಮಲ್ಲಿ ನಾನು ನೋಡಿದಾಗಲೆಲ್ಲ ಅದು ನೀಲಿಯಾಗಿಯೇ ಇದೆ, ಇದನ್ನು ಮೆಚ್ಚಿಯೇ ಹೇಳುತ್ತೇನೆ.

ಎರಡು ಪರಿವರ್ತಕಗಳನ್ನು ಇಟ್ಟಿರುವುದರ ಉದ್ದೇಶ, ಒಂದು ಕೆಟ್ಟರೆ ಇನ್ನೊಂದು ಎಲ್ಲ ಹೊರೆಯನ್ನೂ ಹೊರಬೇಕು ಎಂಬುದು. ಜಾಲದ ಯೋಜನೆ ಮಾಡುವವರು ಇದನ್ನು ಎನ್ ಮೈನಸ್ ಒನ್ ನಿಯಮ ಎನ್ನುತ್ತಾರೆ: ವ್ಯವಸ್ಥೆಯ ಯಾವುದಾದರೂ ಒಂದು ಭಾಗ ಕಳಚಿದರೂ ಗ್ರಾಹಕನಿಗೆ ತಿಳಿಯಬಾರದು. ಇದು ನಡೆಯಬೇಕಾದರೆ ಒಟ್ಟು ಹೊರೆ ಒಂದೇ ಪರಿವರ್ತಕದ ಸಾಮರ್ಥ್ಯದ ಒಳಗಿರಬೇಕು. ಎರಡೂ ಸೇರಿ 10 ಎಂ.ವಿ.ಎ. ಇದೆಯೆಂದು ಹೊಸ ಸಂಪರ್ಕಗಳನ್ನು ಕೊಡುತ್ತಾ ಹೋಗಿ ಹೊರೆ 7 ಅಥವಾ 8ಕ್ಕೆ ಮುಟ್ಟಿತೆಂದರೆ, ಕಾಗದದಲ್ಲಿ ಎರಡು ಪರಿವರ್ತಕಗಳಿದ್ದರೂ ಒಂದು ಕೆಟ್ಟ ದಿನ ಊರಿನ ಒಂದು ಭಾಗ ಕತ್ತಲಲ್ಲೇ ಎಂದು ಅರ್ಥ. ಸದ್ಯ ನಮ್ಮಲ್ಲಿ ಆ ಸ್ಥಿತಿ ಬಂದಿಲ್ಲ. ಹೆದ್ದಾರಿಯ ಬದಿಯಲ್ಲಿ ಏಳುತ್ತಿರುವ ವಸತಿ ಸಮುಚ್ಚಯಗಳನ್ನೂ ಮನೆಮನೆಗೆ ಬರುತ್ತಿರುವ ಹವಾನಿಯಂತ್ರಕಗಳನ್ನೂ ನೋಡಿದರೆ ಬಹಳ ದೂರವೂ ಇಲ್ಲ.

ನಿಜವಾದ ಕೊರತೆ ಇರುವುದು ಬೇರೆ ಕಡೆ. ಪರಿವರ್ತಕ ಎರಡು, ಬ್ರೇಕರು ಹಲವು, ಆದರೆ ಇವೆಲ್ಲವಕ್ಕೂ ವಿದ್ಯುತ್ ತರುವ 33 ಕೆ.ವಿ. ಮಾರ್ಗ ಒಂದೇ ಒಂದು. ಅದರ ಮೇಲೆ ಎಲ್ಲಾದರೂ ಒಂದು ಮರ ಬಿದ್ದರೆ ಉಪಕೇಂದ್ರದ ಎಲ್ಲ ಫೀಡರುಗಳೂ ಒಟ್ಟಿಗೆ ಸಾಯುತ್ತವೆ. ಹಳೆಯ ಕಾಲದಲ್ಲಿ ಮರ ಬಿದ್ದರೆ ಒಂದು ಫೀಡರು ಹೋಗುತ್ತಿತ್ತು. ಈಗ ಸರಿಯಾದ ಜಾಗದಲ್ಲಿ ಮರ ಬಿದ್ದರೆ ಎಲ್ಲವೂ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಅತಿ ದೀರ್ಘವಾದ ಕತ್ತಲೆಗೆ ಕಾರಣವಾದದ್ದು ಇದೇ. ಎರಡನೆಯ ಮಾರ್ಗವನ್ನು ಬೇರೊಂದು 110 ಕೆ.ವಿ. ಕೇಂದ್ರದಿಂದ ಎಳೆದು ಉಂಗುರದಂತೆ ಜೋಡಿಸುವ ಯೋಜನೆ ಇದೆ ಎಂದು ಗ್ರಾಹಕರ ಸಭೆಯಲ್ಲಿ ತಿಳಿಸಿದ್ದರು. ಕೆಲವು ಕಂಬಗಳೂ ನಿಂತಿವೆ. ಅದು ಮುಗಿದ ಮೇಲೆ ಈ ವಿಮರ್ಶೆಯ ಅರ್ಧ ಭಾಗವನ್ನು ತಿದ್ದಿ ಬರೆಯಬೇಕಾದೀತು, ಸಂತೋಷದಿಂದಲೇ ಬರೆಯುತ್ತೇನೆ.

ಇನ್ನು ತಂತಿಗಳ ವಿಷಯ. ಈ ಇಡೀ ಕಾಮಗಾರಿಯಲ್ಲಿ ಕರಾವಳಿಯನ್ನು ಬಲ್ಲವರ ಕೈ ಕಾಣುವುದು ಇಲ್ಲಿ. ನಮ್ಮ ಕಡೆಯ ಮಾರ್ಗಗಳಿಗೆ ವರ್ಷದಲ್ಲಿ ಎರಡು ಕಾಯಿಲೆಯ ಕಾಲಗಳಿವೆ, ಅವುಗಳ ಕಾರಣ ಬೇರೆ ಬೇರೆ. ಜೂನ್, ಜುಲೈ ತಿಂಗಳದ್ದು ಮರ ಮತ್ತು ಗಾಳಿಯ ಕಾಯಿಲೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ನೆಲ ನೆನೆದು ಸಡಿಲವಾದಾಗ ಮರಗಳು ಬುಡಸಹಿತ ವಾಲುತ್ತವೆ, ಮಡಲುಗಳು ತಂತಿಗಳ ನಡುವೆ ಅಡ್ಡ ಬೀಳುತ್ತವೆ. ಇದನ್ನು ಎಲ್ಲರೂ ಬಲ್ಲರು. ಎರಡನೆಯದು ಉಪ್ಪಿನ ಕಾಯಿಲೆ, ಅದು ಮಳೆ ಇಲ್ಲದ ತಿಂಗಳುಗಳದ್ದು. ಕಡಲ ಗಾಳಿ ತಂದ ಉಪ್ಪಿನ ಕಣಗಳು ಇನ್ಸುಲೇಟರುಗಳ ಮೇಲೆ ಪದರ ಪದರವಾಗಿ ಕೂರುತ್ತವೆ. ಒಣಗಿರುವ ತನಕ ತೊಂದರೆ ಇಲ್ಲ. ಬೆಳಗಿನ ಜಾವದ ಇಬ್ಬನಿಯೋ ಮೇ ತಿಂಗಳ ಮೊದಲ ತುಂತುರೋ ಆ ಪದರವನ್ನು ನೆನೆಸಿದಾಗ ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ಕಂಬದ ತುದಿಯಲ್ಲಿ ಚಟಚಟ ಸದ್ದು, ನೀಲಿ ಕಿಡಿ, ನಂತರ ಫೀಡರು ಟ್ರಿಪ್, ಅಂದರೆ ಬ್ರೇಕರು ಮಾರ್ಗವನ್ನು ತಾನೇ ಕಡಿಯುತ್ತದೆ. ಜೋರಾದ ಮಳೆ ಬಂದ ಮೇಲೆ ಉಪ್ಪು ತೊಳೆದುಹೋಗಿ ಈ ಕಾಯಿಲೆ ತಾನಾಗಿ ವಾಸಿಯಾಗುತ್ತದೆ. ಗಾಳಿ ಇಲ್ಲ, ಸಿಡಿಲಿಲ್ಲ, ಆದರೂ ನಸುಕಿನಲ್ಲಿ ಕರೆಂಟು ಯಾಕೆ ಹೋಯಿತು ಎಂದು ಕೇಳುವವರಿಗೆ ಉತ್ತರ ಇದು.

ಇದಕ್ಕೆ ಮಾಡಿರುವ ಪರಿಹಾರ, ಹಳೆಯ ಪಿಂಗಾಣಿ ಇನ್ಸುಲೇಟರುಗಳ ಬದಲು ಸಿಲಿಕೋನ್ ರಬ್ಬರಿನ ಪಾಲಿಮರ್ ಇನ್ಸುಲೇಟರುಗಳು. ಅವುಗಳ ಮೇಲ್ಮೈಯಲ್ಲಿ ನೀರು ಹರಡದೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಬಿಡಿಬಿಡಿಯಾಗಿ ನಿಲ್ಲುವುದರಿಂದ ಉಪ್ಪುನೀರಿನ ಅಖಂಡ ದಾರಿ ಏರ್ಪಡುವುದಿಲ್ಲ. ತಂತಿಯಿಂದ ಕಂಬದವರೆಗೆ ಇನ್ಸುಲೇಟರಿನ ಮೈಯುದ್ದಕ್ಕೂ ಅಳೆದ ದೂರ ಎಷ್ಟಿರಬೇಕೆಂಬುದಕ್ಕೂ ಲೆಕ್ಕವಿದೆ. ಹೆಚ್ಚು ಮಾಲಿನ್ಯದ ಪ್ರದೇಶಕ್ಕೆ ಪ್ರತಿ ಕಿಲೋವೋಲ್ಟಿಗೆ 25 ಮಿ.ಮೀ., ಸಮುದ್ರತೀರದಂಥ ಅತಿ ಹೆಚ್ಚು ಮಾಲಿನ್ಯದ ಪ್ರದೇಶಕ್ಕೆ 31 ಮಿ.ಮೀ. ಎಂಬುದು ರೂಢಿಯ ಮಾನದಂಡ, 11 ಕೆ.ವಿ. ಮಾರ್ಗದ ಗರಿಷ್ಠ ವೋಲ್ಟೇಜನ್ನು 12 ಎಂದು ಹಿಡಿದರೆ 300ರ ಬದಲು 372 ಮಿ.ಮೀ. ಬೇಕು. ಒಂದು ಗೇಣಿನ ಮೂರನೆಯ ಒಂದು ಭಾಗದಷ್ಟು ವ್ಯತ್ಯಾಸ, ಅಷ್ಟರಲ್ಲಿ ಒಂದು ರಾತ್ರಿಯ ನಿದ್ದೆ ಇದೆ. ಬದಲಾವಣೆಯ ನಂತರದ ಬೇಸಿಗೆಯಲ್ಲಿ ನಸುಕಿನ ಟ್ರಿಪ್ಪುಗಳು ಗಮನಾರ್ಹವಾಗಿ ಕಡಿಮೆಯಾಗಿವೆ.

ತಂತಿಯ ಆಯ್ಕೆಯಲ್ಲೂ ಉಪ್ಪಿನ ಯೋಚನೆ ಕಾಣುತ್ತದೆ. ಸಾಮಾನ್ಯವಾಗಿ ಬಳಸುವ ತಂತಿಯ ನಡುವೆ ಬಲಕ್ಕಾಗಿ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳಿರುತ್ತವೆ. ಕಡಲ ಗಾಳಿಯಲ್ಲಿ ಒಳಗಿನ ಉಕ್ಕು ತುಕ್ಕು ಹಿಡಿಯುವುದು ಹೊರಗೆ ಕಾಣುವುದಿಲ್ಲ. ಒಂದು ದಿನ ತಂತಿ ಕಡಿದು ಬಿದ್ದಾಗಲೇ ತಿಳಿಯುತ್ತದೆ. ಪಶ್ಚಿಮದ, ಕಡಲಿಗೆ ಹತ್ತಿರದ ಭಾಗದಲ್ಲಿ ಈಗ ಉಕ್ಕಿಲ್ಲದ, ಪೂರ್ತಿ ಅಲ್ಯೂಮಿನಿಯಂ ಮಿಶ್ರಲೋಹದ ತಂತಿ ಎಳೆದಿದ್ದಾರೆ. ದಟ್ಟ ತೋಟಗಳ ನಡುವಿನ ತುಂಡಿಗೆ ಮೇಲ್ಹೊದಿಕೆಯುಳ್ಳ ತಂತಿ ಬಂದಿದೆ. ಇದರ ಮೇಲೆ ಮಡಲು ತಾಗಿ ಜಾರಿದರೆ ಫೀಡರು ಟ್ರಿಪ್ ಆಗುವುದಿಲ್ಲ, ನಮ್ಮ ತೋಟಗಾರರು ಮರದ ತಲೆ ಕಡಿಸಿಕೊಳ್ಳಬೇಕಾದ ಪ್ರಸಂಗವೂ ಕಡಿಮೆ. ಆದರೆ ಒಂದು ಎಚ್ಚರಿಕೆಯನ್ನು ಇಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಹೊದಿಕೆ ಇದೆಯೆಂದು ಅದು ಮುಟ್ಟಬಹುದಾದ ಕೇಬಲ್ ಅಲ್ಲ. ಹೊದಿಕೆಯ ತಂತಿ ಕಡಿದು ನೆಲಕ್ಕೆ ಬಿದ್ದಾಗ ನೆಲಕ್ಕೆ ಹರಿಯುವ ಪ್ರವಾಹ ಬಹಳ ಕಡಿಮೆ ಇರಬಹುದು, ಬ್ರೇಕರಿಗೆ ಅದು ದೋಷವೆಂದೇ ತಿಳಿಯದೆ ಹೋಗಬಹುದು. ಅಂದರೆ ಬಿದ್ದ ತಂತಿಯಲ್ಲಿ ವಿದ್ಯುತ್ತು ಹಾಗೆಯೇ ಇರಬಹುದು. ದನ ಕಟ್ಟಲು ಹೋಗುವವರಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಇದನ್ನು ತಿಳಿಸುವ ಕೆಲಸವನ್ನು ವಿತರಣಾ ಕಂಪನಿ ತಂತಿ ಎಳೆದಷ್ಟೇ ಶ್ರದ್ಧೆಯಿಂದ ಮಾಡಬೇಕಾಗಿತ್ತು. ಮಾಡಿದ್ದನ್ನು ನಾನು ಕಂಡಿಲ್ಲ.

ಎಲ್ಲವನ್ನೂ ನೆಲದಡಿಗೇ ಹಾಕಿಬಿಡಬಾರದೇ ಎಂದು ಕೇಳುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಮಂಗಳೂರು, ಮಣಿಪಾಲದಂಥ ಒತ್ತಾದ ಪೇಟೆಗೆ ಅದು ಸರಿ. ಹಳ್ಳಿಯ ಉದ್ದನೆಯ ಮಾರ್ಗಗಳಿಗೆ ಅದರ ವೆಚ್ಚ ಹಲವು ಪಟ್ಟು. ದೋಷಗಳು ಅಪರೂಪವಾದರೂ ಬಂದಾಗ ಹುಡುಕುವುದೇ ದೊಡ್ಡ ಕೆಲಸ. ಮೇಲಿನ ತಂತಿಯ ದೋಷವನ್ನು ಟಾರ್ಚು ಹಿಡಿದ ಪವರ್‌ಮ್ಯಾನ್ ಕಂಡುಹಿಡಿಯುತ್ತಾನೆ; ನೆಲದಡಿಯ ದೋಷಕ್ಕೆ ಪರೀಕ್ಷಾ ವಾಹನ ಬರಬೇಕು, ಮುರಕಲ್ಲಿನ ನೆಲ ಅಗೆಯಬೇಕು, ನೀರು ತುಂಬಿದ ಗುಂಡಿಯನ್ನು ಬತ್ತಿಸಿ ಜಾಯಿಂಟು ಹಾಕಬೇಕು. ಕುಡಿಯುವ ನೀರಿನ ಪೈಪಿಗಾಗಿ ರಸ್ತೆ ಅಗೆಯುವವರ ಯಂತ್ರ ಕೇಬಲ್ಲಿಗೆ ತಾಗುವ ಸಾಧ್ಯತೆಯನ್ನೂ ಮರೆಯುವಂತಿಲ್ಲ.

ಫೀಡರಿನ ನಡುವೆ ಈಗ ಆಟೋ ರಿಕ್ಲೋಸರ್ ಎಂಬ ಸಾಧನವೂ ಬಂದಿದೆ. ಮೇಲಿನ ತಂತಿಗಳ ದೋಷಗಳಲ್ಲಿ ಬಹುಪಾಲು ಕ್ಷಣಿಕ: ಕೊಂಬೆ ತಾಗಿ ಸರಿಯುತ್ತದೆ, ಹಕ್ಕಿ ಬಿದ್ದುಹೋಗುತ್ತದೆ. ಈ ಸಾಧನ ಕಡಿದ ಮಾರ್ಗವನ್ನು ಕೆಲವು ಕ್ಷಣಗಳ ನಂತರ ತಾನೇ ಜೋಡಿಸಿ ನೋಡುತ್ತದೆ. ದೋಷ ಉಳಿದಿದ್ದರೆ ಮತ್ತೆ ಕಡಿದು ಕೊನೆಗೆ ಬೀಗ ಹಾಕಿಕೊಳ್ಳುತ್ತದೆ. ಹಿಂದೆ ಪವರ್‌ಮ್ಯಾನ್ ಮಳೆಯಲ್ಲಿ ಬೈಕು ಹತ್ತಿ ಹೋಗಿ ಸರಿಪಡಿಸುತ್ತಿದ್ದುದು ಈಗ ಒಂದು ಮಿಟುಕಿನಲ್ಲಿ ಮುಗಿಯುತ್ತದೆ. ಇದರ ಬೆಲೆಯಾಗಿ ನಮಗೆ ಸಿಕ್ಕಿರುವುದು ಮಿಟುಕುಗಳ ಸಂಖ್ಯೆಯ ಹೆಚ್ಚಳ. ಮನೆಯಿಂದ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ ಅರ್ಧ ಗಂಟೆಯ ಕತ್ತಲೆಗೂ ಎರಡು ಸೆಕೆಂಡಿನ ಕತ್ತಲೆಗೂ ಹೆಚ್ಚು ವ್ಯತ್ಯಾಸವಿಲ್ಲ. ಗ್ರಾಹಕನೊಬ್ಬನಿಗೆ ವರ್ಷದಲ್ಲಿ ಸರಾಸರಿ ಎಷ್ಟು ಹೊತ್ತು ಕರೆಂಟು ಇರಲಿಲ್ಲ, ಎಷ್ಟು ಸಲ ಹೋಯಿತು ಎಂದು ಲೆಕ್ಕ ಹಾಕುವ ಸೂಚ್ಯಂಕಗಳಲ್ಲಿ ಈ ಕ್ಷಣದ ಮಿಟುಕುಗಳು ಸೇರುವುದಿಲ್ಲ. ಹಾಗಾಗಿ ವರದಿಯಲ್ಲಿ ಸುಧಾರಣೆ ಮನೆಯಲ್ಲಿ ಅನುಭವಿಸಿದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಕಂಡೀತು.

ನಮ್ಮ ಉಪಕೇಂದ್ರ ಎಷ್ಟೇ ಚೆನ್ನಾಗಿದ್ದರೂ ಅದರ ಹಿಂದಿನ ದೊಡ್ಡ ಜಾಲ ಗಟ್ಟಿಯಾಗಿರಬೇಕು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಹೊರೆಯ ದೊಡ್ಡ ಭಾಗವನ್ನು ಹೊರುವುದು ಕೇಮಾರು ಮತ್ತು ಮಂಗಳೂರಿನ ಕಾವೂರು, ಈ ಎರಡು 220 ಕೆ.ವಿ. ಕೇಂದ್ರಗಳು. ಇವುಗಳಿಂದ ಹೊರಡುವ 110 ಕೆ.ವಿ. ಮಾರ್ಗಗಳಿಗೆ ಹೆಚ್ಚಿನ ಸಾಮರ್ಥ್ಯ ಬೇಕೆಂದರೆ ಹೊಸ ಮಾರ್ಗಕ್ಕೆ ಜಾಗ ಎಲ್ಲಿದೆ? ರೂಢಿಯ ಲೆಕ್ಕದಲ್ಲಿ 110 ಕೆ.ವಿ.ಗೆ 22 ಮೀಟರ್, 220ಕ್ಕೆ 35 ಮೀಟರ್, 400ಕ್ಕೆ 46 ಮೀಟರ್ ಅಗಲದ ಓಣಿ ಬೇಕು, ಆ ಓಣಿಯಲ್ಲಿ ತೆಂಗು, ಅಡಿಕೆ ಬೆಳೆಯುವಂತಿಲ್ಲ. ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕೆ.ವಿ. ಮಾರ್ಗಕ್ಕೆ ಎರಡೂ ಜಿಲ್ಲೆಗಳ ಕೃಷಿಕರು ತೋರಿದ ವಿರೋಧವನ್ನು ಅಭಿವೃದ್ಧಿಗೆ ಅಡ್ಡಿ ಎಂದು ತಳ್ಳಿಹಾಕುವವರು ಎರಡೆಕರೆ ತೋಟದ ನಡುವೆ 46 ಮೀಟರನ್ನು ಒಮ್ಮೆ ಹೆಜ್ಜೆ ಹಾಕಿ ಅಳೆದು ನೋಡಲಿ. 2024ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಗೋಪುರ ನಿಲ್ಲುವ ಜಾಗಕ್ಕೆ ಭೂಮಿಯ ಮೌಲ್ಯದ ಶೇ. 200, ತಂತಿಯ ಕೆಳಗಿನ ಓಣಿಗೆ ಶೇ. 30 ಪರಿಹಾರ ಎಂದಿದೆ; 2015ರ ಮಾರ್ಗಸೂಚಿಯ ಶೇ. 85 ಮತ್ತು ಶೇ. 15ಕ್ಕೆ ಹೋಲಿಸಿದರೆ ಇದು ಮೇಲು. ಆದರೆ ವರ್ಷ ವರ್ಷ ಫಲ ಕೊಡುವ ತೋಟಕ್ಕೆ ಒಮ್ಮೆಯ ಪರಿಹಾರ ಸಾಟಿಯಾಗುವುದೇ ಎಂಬ ಕೃಷಿಕರ ಪ್ರಶ್ನೆಗೆ ಅದರಲ್ಲೂ ಉತ್ತರವಿಲ್ಲ.

ಈ ಕಾರಣಕ್ಕೆ, ಸಾಧ್ಯವಿರುವಲ್ಲೆಲ್ಲ ಇರುವ ಗೋಪುರಗಳ ಮೇಲೆಯೇ ತಂತಿ ಬದಲಿಸುವುದು ನಮ್ಮ ಜಿಲ್ಲೆಗಳಿಗೆ ಹೆಚ್ಚು ಒಪ್ಪುವ ದಾರಿ ಎಂದು ನನ್ನ ಅಭಿಪ್ರಾಯ. ಹಳೆಯ ಮಾದರಿಯ ತಂತಿಯನ್ನು 75ರಿಂದ 85 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಲು ಬಿಡುವಂತಿಲ್ಲ, ಬಿಟ್ಟರೆ ಅದು ಜೋತುಬಿದ್ದು ನೆಲಕ್ಕೆ ಹತ್ತಿರವಾಗುತ್ತದೆ. ಹೆಚ್ಚು ಬಿಸಿಗೂ ಕಡಿಮೆ ಜೋಲುವ ಹೊಸ ಬಗೆಯ ತಂತಿಗಳು 150 ಡಿಗ್ರಿಯನ್ನೂ ಅದಕ್ಕಿಂತ ಹೆಚ್ಚನ್ನೂ ತಾಳಿಕೊಂಡು ಅದೇ ಗೋಪುರಗಳ ಮೇಲೆ ಸುಮಾರು ಎರಡು ಪಟ್ಟು ಪ್ರವಾಹ ಸಾಗಿಸಬಲ್ಲವು. ತಂತಿ ದುಬಾರಿ, ಬಿಸಿಯಾದಷ್ಟೂ ಪೋಲು ಹೆಚ್ಚು, ಎಳೆಯುವಾಗ ಮಾರ್ಗವನ್ನು ದಿನಗಟ್ಟಲೆ ನಿಲ್ಲಿಸಬೇಕು. ಆದರೂ ಒಂದು ತೆಂಗಿನ ಮರವೂ ಬೀಳುವುದಿಲ್ಲ.

ಇನ್ನು ಸಿಬ್ಬಂದಿಯ ಸೇವೆ. ಮಳೆಗಾಲದ ರಾತ್ರಿ ಕಂಬ ಹತ್ತುವವರ ಕುರಿತು ನನ್ನಲ್ಲಿ ದೂರಿಲ್ಲ. ಲೈನ್ ಕ್ಲಿಯರ್ (ಮಾರ್ಗದಲ್ಲಿ ವಿದ್ಯುತ್ ನಿಲ್ಲಿಸಿದ ಖಾತ್ರಿ) ಸಿಗದೆ ಹತ್ತುವುದಿಲ್ಲ ಎಂದು ಅವರು ಹಟ ಹಿಡಿದು ನಿಂತಾಗ ಕೆಳಗೆ ನಿಂತು ಆತುರಪಡಿಸುವ ನಮ್ಮವರ ಕುರಿತೇ ಇದೆ. ದೂರು ಇರುವುದು ಮಾಹಿತಿಯ ಕುರಿತು. ಪೂರ್ವನಿಗದಿತ ನಿಲುಗಡೆಯ ಪ್ರಕಟಣೆಯಲ್ಲಿ ಇನ್ನೂ ಹಳೆಯ ಫೀಡರುಗಳ ಹೆಸರೇ ಬರುತ್ತಿದೆ, ಹೊಸ ವ್ಯವಸ್ಥೆಯಲ್ಲಿ ನಮ್ಮ ಊರು ಯಾವ ಫೀಡರಿನಲ್ಲಿದೆ ಎಂದು ಹೆಚ್ಚಿನವರಿಗೆ ತಿಳಿಸಿಯೇ ಇಲ್ಲ. ಮೊಬೈಲಿಗೆ ಸಂದೇಶ ಬರುತ್ತದೆ, ಹಲವು ಬಾರಿ ಕರೆಂಟು ಬಂದ ಮೇಲೆ ಬರುತ್ತದೆ. 1912 ಸಹಾಯವಾಣಿಗೆ ಕರೆ ಮಾಡಿದರೆ ದೂರು ದಾಖಲಾಗಿ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ನಿಗದಿತ ಮಟ್ಟದ ಸೇವೆ ಸಿಗದಿದ್ದಾಗ ಪರಿಹಾರದ ಮಾತನ್ನು ಆಡುತ್ತವೆ, ಪರಿಹಾರ ಕೇಳಲು ದಾಖಲೆ ಬೇಕು. ಒಟ್ಟಾರೆ ಅಂಕ ಕೇಳಿದರೆ ವೋಲ್ಟೇಜಿಗೆ ಐದಕ್ಕೆ ಐದು, ಮಾರ್ಗಗಳಿಗೆ ನಾಲ್ಕು, ಪೂರೈಕೆಯ ನಿರಂತರತೆಗೆ ಮೂರು, ಮಾಹಿತಿಗೆ ಒಂದು.

ಹೊಸ ಉಪಕೇಂದ್ರದ ವ್ಯಾಪ್ತಿಗೆ ಬಂದಿರುವವರು ಹೊಸದಾಗಿ ಸ್ಟೆಬಿಲೈಸರ್ ಕೊಳ್ಳುವ ಮೊದಲು ಒಂದು ಬೇಸಿಗೆಯ ಸಂಜೆ ವೋಲ್ಟೇಜನ್ನು ಅಳೆದು ನೋಡಲಿ, ಬಹುಶಃ ಆ ಹಣ ಉಳಿಯುತ್ತದೆ. ಆ ಹಣವನ್ನು, ಉಪಕರಣಗಳನ್ನು ಸಿಡಿಲಿನಿಂದ ರಕ್ಷಿಸುವ ಸರ್ಜ್ ಪ್ರೊಟೆಕ್ಟರಿಗೂ ಸರಿಯಾದ ಅರ್ತಿಂಗಿಗೂ ಹಾಕುವುದು ಮೇಲು. ಮಾಡಿನ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟು ಹೋಗುವ ಚಿಂತೆ ಇಲ್ಲ ಎಂದು ಮಾರುವವರು ಹೇಳಿದರೆ ನಂಬಬೇಡಿ: ಬ್ಯಾಟರಿ ಇಲ್ಲದ, ಜಾಲಕ್ಕೆ ಜೋಡಿಸಿದ ಸೋಲಾರ್ ವ್ಯವಸ್ಥೆ ಜಾಲದಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಕಂಬದ ಮೇಲಿರುವವನ ಜೀವ ಉಳಿಯಲು ಹಾಗೆ ನಿಲ್ಲಲೇಬೇಕು. ಇನ್ವರ್ಟರನ್ನು ಮಾರಿಬಿಡಬಹುದೇ ಎಂದು ನೆರೆಯವರು ಕೇಳುತ್ತಿದ್ದಾರೆ. ಎರಡನೆಯ 33 ಕೆ.ವಿ. ಮಾರ್ಗದ ಕಂಬಗಳು ಉಪಕೇಂದ್ರದ ಬೇಲಿಯನ್ನು ಮುಟ್ಟುವವರೆಗೆ ಬೇಡ. ಅಲ್ಲಿಯ ತನಕ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ತುಂಬಿಸುತ್ತಿರಿ.